ಊಹೆ ಸರಿಯಾಗಿತ್ತು, ದುಡ್ಡಿಗೆ ಗಡುವಿತ್ತು

ಲಾಂಗ್ ಟರ್ಮ್ ಇನ್ವೆಸ್ಟಿಂಗ್ ಬಗ್ಗೆ ಮಾತಾಡಿ ಅಂತ ಸುಮಾರು ಜನ ಕೇಳ್ತಾ ಇದ್ರಿ. ತಿಂಗಳಿಗೆ ಇಷ್ಟು ಹಾಕಿದರೆ 20 ವರ್ಷಕ್ಕೆ ಎಷ್ಟಾಗುತ್ತೆ ಅನ್ನೋ ಲೆಕ್ಕ ನಿಮಗೆಲ್ಲ ಬರುತ್ತೆ, ಅದನ್ನು ನಾನು ಮತ್ತೆ ಹೇಳಲ್ಲ. ಬದಲಿಗೆ 1860ರ ದಶಕದ ಮುಂಬೈಗೆ ಹೋಗಿ ಬರೋಣ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿತು. ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಆಗ ಇಂಗ್ಲೆಂಡಿನ ಕಣ್ಣು ಬಿದ್ದಿದ್ದು ಬಾಂಬೆ ಮೇಲೆ. ನಮ್ಮ ಕಡೆಗೂ ಬಿತ್ತು ಅನ್ನಿ. ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಬೀಜದಿಂದ ಬೆಳೀತಿದ್ದ ಹತ್ತಿಗೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರು. ಅದನ್ನು ಸಾಗಿಸೋಕೆ ಕಾರವಾರದ ಬಂದರು ಬೇಕು ಅಂತ ಮ್ಯಾಂಚೆಸ್ಟರ್ ವ್ಯಾಪಾರಿಗಳು ಒತ್ತಾಯ ಮಾಡ್ತಿದ್ದರು.

ಹತ್ತಿಯ ಬೆಲೆ ಏರಿತು, ಬಾಂಬೆಗೆ ದುಡ್ಡು ಹರಿದು ಬಂತು. ಬಂದ ದುಡ್ಡು ಸುಮ್ನೆ ಕೂರುತ್ತಾ? ಹೊಸ ಬ್ಯಾಂಕು, ಹೊಸ ಫೈನಾನ್ಸ್ ಕಂಪನಿ, ಸಮುದ್ರ ತುಂಬಿಸಿ ಜಾಗ ಮಾಡೋ ರೆಕ್ಲಮೇಷನ್ ಕಂಪನಿ ಹುಟ್ಟಿಕೊಂಡವು. ಅವುಗಳಲ್ಲಿ ಎಲ್ಲರ ಕಣ್ಣು ಇದ್ದದ್ದು ಬ್ಯಾಕ್ ಬೇ ಕಂಪನಿ ಮೇಲೆ. 5,000 ರೂಪಾಯಿಯ ಅದರ ಷೇರು 50,000ದ ಮಟ್ಟಕ್ಕೆ ಹೋಯಿತು. ಒಂದು ಬುಟ್ಟಿ ಮಣ್ಣು ಸಮುದ್ರಕ್ಕೆ ಬಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ಈ ಆಟದ ನಡುವೆ ನಿಂತಿದ್ದವನು ಪ್ರೇಮಚಂದ್ ರಾಯಚಂದ್ ಅನ್ನೋ ಬ್ರೋಕರ್. ಬ್ಯಾಂಕ್ ಆಫ್ ಬಾಂಬೆಯಂಥ ದೊಡ್ಡ ಬ್ಯಾಂಕು ಕೂಡ ಷೇರನ್ನೇ ಅಡ ಇಟ್ಟುಕೊಂಡು ಸಾಲ ಕೊಟ್ಟಿತು. ಆ ಸಾಲದಲ್ಲಿ ಮತ್ತೆ ಷೇರು.

ಇದರ ಮೇಲೆ ಇನ್ನೊಂದು ಪದರ ಇತ್ತು, ವಾಯಿದೆ ವ್ಯಾಪಾರ. ಇವತ್ತೇ ಬೆಲೆ ನಿಗದಿ, ದುಡ್ಡು ಕೊಡೋದು ಮುಂದೆ ಒಂದು ದಿನ. ನಮ್ಮ ಫ್ಯೂಚರ್ಸ್‌ನ ಮುತ್ತಜ್ಜ ಅನ್ಕೊಳ್ಳಿ. ತುಂಬಾ ಒಪ್ಪಂದಗಳಿಗೆ ಇದ್ದ ಗಡುವು 1865ರ ಜುಲೈ 1.

ಏಪ್ರಿಲ್ 9ಕ್ಕೆ ಅಮೆರಿಕದಲ್ಲಿ ಜನರಲ್ ಲೀ ಶರಣಾದ. ಆ ಸುದ್ದಿ ಬಂದ ಮೇಲೆ ಹತ್ತಿ ಬಿತ್ತು, ಷೇರುಗಳೂ ಬಿದ್ದವು. ಜುಲೈ 1ಕ್ಕೆ ಕೊಡೋಕೆ ಯಾರ ಹತ್ತಿರವೂ ದುಡ್ಡಿಲ್ಲ. ಬ್ಯಾಕ್ ಬೇ ಷೇರು 2,000ಕ್ಕೂ ಕೆಳಗೆ ಹೋಯಿತು. 2,850 ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳಿಯಿತು. ಆಮೇಲೆ ಆ ಬ್ಯಾಂಕೂ ಮುಚ್ಚಿತು, ಪ್ರೇಮಚಂದನೂ ದಿವಾಳಿ. ದಿನ್ಶಾ ವಾಚಾ 1910ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಇದನ್ನು ‘ದುರಾಸೆ’ ಅಂತ ಒಂದು ಪದದಲ್ಲಿ ಮುಗಿಸೋದು ನನಗೆ ಒಪ್ಪಿಗೆ ಇಲ್ಲ. ಯಾಕಂದ್ರೆ ಅವರ ಊಹೆ ತಪ್ಪಾಗಿರಲಿಲ್ಲ! ಬ್ಯಾಕ್ ಬೇ ಅಂದ್ರೆ ಇವತ್ತಿನ ಮರೀನ್ ಡ್ರೈವ್, ನರಿಮನ್ ಪಾಯಿಂಟ್ ಇರೋ ಕಡೆ. ಅಲ್ಲಿನ ಜಾಗಕ್ಕೆ ಚಿನ್ನದ ಬೆಲೆ ಬರುತ್ತೆ ಅಂದಿದ್ದು ನೂರಕ್ಕೆ ನೂರು ನಿಜ. ಆದ್ರೆ ಸಮುದ್ರ ಸರಿದು ಮರೀನ್ ಡ್ರೈವ್ ಆಗೋಹೊತ್ತಿಗೆ 1930ರ ದಶಕ ಬಂತು. ಸಾಲ ಮಾಡದೆ ಷೇರು ಹಿಡ್ಕೊಂಡು ಕೂತಿದ್ದರೂ ಅವರು ಗೆಲ್ತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಕಂಪನಿಯೇ ಉಳಿಯಲಿಲ್ಲವಲ್ಲ! ಸಾಲ ಇಲ್ಲದವನು ಹಾಕಿದ್ದಷ್ಟೇ ಕಳ್ಕೊಂಡ. ವಾಯಿದೆಗೆ ಕೈ ಹಾಕಿದವನು ಮನೆಯನ್ನೂ ಕಳ್ಕೊಂಡ.

ಇದನ್ನು ಓದುವಾಗ ನನಗೆ ನಗು ಬರಲಿಲ್ಲ. 2019ರ ಕೊನೆಗೆ ನಾನು ಪರ್ಸನಲ್ ಲೋನ್ ತಗೊಂಡು ಇಂಡೆಕ್ಸ್ ಫಂಡ್‌ಗೆ ಹಾಕಿದ್ದೆ. “ಹದಿನೈದು ವರ್ಷ ಮುಟ್ಟಲ್ಲ” ಅಂತ ಮನೆಯವಳಿಗೆ ಹೇಳಿದ್ದೆ. 2020ರ ಮಾರ್ಚ್‌ನಲ್ಲಿ ನಮ್ಮ ಪ್ರಾಜೆಕ್ಟ್ ನಿಂತುಹೋಯಿತು. ಪುಣೆಯ ಬಾಡಿಗೆ, ಇಎಂಐ, ಊರಲ್ಲಿ ಅಪ್ಪನ ಔಷಧಿ. ನಾಲ್ಕನೇ ವಾರ ಎಲ್ಲ ಮಾರಿದೆ. ಅದೇ ನವೆಂಬರ್‌ನಲ್ಲಿ ನಿಫ್ಟಿ ಜನವರಿಯ ಎತ್ತರ ದಾಟಿತು. ನನ್ನ ಲೋನ್ ಕಂತು ಮಾತ್ರ 2022ರ ತನಕ ನಡೀತು. ಧೈರ್ಯ ಸಾಲಲಿಲ್ಲ ಅಂತ ತುಂಬಾ ದಿನ ನನ್ನನ್ನೇ ಬೈಕೊಂಡಿದ್ದೆ. ಧೈರ್ಯದ ಪ್ರಶ್ನೆಯೇ ಅಲ್ಲ ಅದು. ಹದಿನೈದು ವರ್ಷದ ಮಾತಾಡ್ತಿದ್ದ ನನ್ನ ದುಡ್ಡಿಗೆ ಪ್ರತಿ ತಿಂಗಳ 5ನೇ ತಾರೀಕೇ ಗಡುವಾಗಿತ್ತು.

ಈಗ ನನ್ನ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಇದೆ: ‘ಈ ದುಡ್ಡು ಯಾವಾಗ ಬೇಕಾಗಬಹುದು?’ ಅಲ್ಲಿ ಐದು ವರ್ಷದ ಒಳಗಿನ ತಾರೀಕು ಬಿದ್ದರೆ ಅದು ಷೇರಿಗೆ ಹೋಗಲ್ಲ, ಎಫ್‌ಡಿಗೆ ಹೋಗುತ್ತೆ. ಮನೆಯವಳು ಆಗಾಗ ಆ ಕಾಲಂ ಚೆಕ್ ಮಾಡ್ತಾಳೆ.

ಮುಂಬೈಯಲ್ಲಿ ಇರೋರು ಓವಲ್ ಮೈದಾನದ ಹತ್ತಿರ ಹೋದಾಗ ರಾಜಾಬಾಯಿ ಗಡಿಯಾರದ ಗೋಪುರ ನೋಡಿ. ರಾಜಾಬಾಯಿ ಪ್ರೇಮಚಂದನ ತಾಯಿ. ಕುಸಿತಕ್ಕೆ ಮುಂಚೆ, 1864ರಲ್ಲಿ, ಆತ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಿದ್ದ ದುಡ್ಡಿನಿಂದ ಎದ್ದದ್ದು ಅದು. ಮುಗಿದಿದ್ದು 1878ರಲ್ಲಿ. ಧಾರವಾಡದ ಹತ್ತಿ ರೈತರ ಕತೆ ಬೇರೆಯೇ ಇದೆ, ಅದನ್ನು ಇನ್ನೊಂದು ವಿಡಿಯೋದಲ್ಲಿ ಹೇಳ್ತೀನಿ.