ಧಾತು ಬರ ಮತ್ತು ಸೂರ್ಯನ ಕಲೆಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತುವ ನಮಗೆ ವರ್ಷವಿಡೀ ಬರೆಯಲು ಸಿಗುವ ದೊಡ್ಡ ಸುದ್ದಿ ನೀರಿನದ್ದೇ. ನಮ್ಮ ದೇಶದಲ್ಲಿ ಸೂರ್ಯನನ್ನು ದಿನವೂ ಗಮನಿಸುವ ಕೆಲಸದ ಬೇರೂ ನೀರಿನ ಚಿಂತೆಯಲ್ಲೇ ಇದೆ.

1876-78ರ ಬರ ಬಂದದ್ದು ಧಾತು, ಈಶ್ವರ ಸಂವತ್ಸರಗಳಲ್ಲಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಕೆರೆಗಳನ್ನೇ ನಂಬಿದ್ದ ಕೋಲಾರ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. ಮದ್ರಾಸಿನಿಂದ ಬೆಂಗಳೂರಿಗೆ ಹೋಗುವ ರೈಲುಹಳಿ ಮಾಲೂರಿನ ಮೇಲೇ ಇತ್ತು. ಆದರೂ ಜನ ಸತ್ತರು.

ಬರ ಬರುವುದನ್ನು ಮೊದಲೇ ತಿಳಿಯಲಾಗದೆ? ಸೂರ್ಯನ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ಕಲೆ ತಗ್ಗಿದಾಗ ಮಳೆಯೂ ತಗ್ಗುತ್ತದೆ ಎಂದು ವಿಲಿಯಂ ಹಂಟರ್, ನಾರ್ಮನ್ ಲಾಕ್ಯರ್ 1877ರಲ್ಲಿ ಮದ್ರಾಸಿನ ಮಳೆ ಲೆಕ್ಕ ಹಿಡಿದು ವಾದಿಸಿದರು. ಸೂರ್ಯನಿಗೂ ಮುಂಗಾರಿಗೂ ಇರುವ ನಂಟು ಹುಡುಕುವ ಆಸೆಯೂ ಸೇರಿ 1899ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯ ಹುಟ್ಟಿತು.

ರೈತನಿಗೆ ಬೇಕಿದ್ದ ಮಳೆ ಲೆಕ್ಕ ಕಲೆಗಳಲ್ಲಿ ಸಿಗಲಿಲ್ಲ. ಆದರೆ ಅಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಕೂಡಿಟ್ಟ ಸೂರ್ಯನ ಚಿತ್ರಗಳು ಬೇರೊಂದಕ್ಕೆ ಒದಗಿದವು. ಸೂರ್ಯನಲ್ಲಿ ಸ್ಫೋಟವಾದರೆ ಭೂಮಿಯ ಕಾಂತಕ್ಷೇತ್ರ ಅಲುಗುತ್ತದೆ. 1859ರ ಸೆಪ್ಟೆಂಬರಿನಲ್ಲಿ ಹಾಗಾದಾಗ ಹಲವು ದೇಶಗಳ ಟೆಲಿಗ್ರಾಫ್ ಕೆಟ್ಟಿತು. ಮುಂಬಯಿಯ ಕೊಲಾಬಾದ ಉಪಕರಣಗಳೂ ಆ ಏರಿಳಿತವನ್ನು ದಾಖಲಿಸಿದವು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ 9 ಗಂಟೆ ಕತ್ತಲಲ್ಲಿ ಕೂತರು.

ಈ ಕಾವಲಿನ ಕೆಲಸ ನಮ್ಮ ಮಗ್ಗುಲಿಗೂ ಬಂತು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿನ ಆಂಟೆನಾಗಳ ಸಾಲು 1997ರಿಂದ ಸೂರ್ಯನ ಹೊರವಲಯದ ರೇಡಿಯೊ ಚಿತ್ರ ತೆಗೆಯುತ್ತಿದೆ. ಮಾಲೂರಿನ ನೆರೆಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವೆಲ್ಕ್ ಅನ್ನು ಜೋಡಿಸಿತು. 2023ರ ಸೆಪ್ಟೆಂಬರ್ 2ರಂದು ಹಾರಿದ ನೌಕೆ 2024ರ ಜನವರಿ 6ರಂದು 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ಅದೇ ಮೇ ತಿಂಗಳ ದೊಡ್ಡ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯ ಆಕಾಶವೂ ಕೆಂಪಾಯಿತು.

ಮುನ್ಸೂಚನೆ ಇಂದಿಗೂ ಸುಲಭವಲ್ಲ. ಸ್ಫೋಟದ ಬೆಳಕು ನಮ್ಮನ್ನು ತಲುಪಲು ಸುಮಾರು 8 ನಿಮಿಷ ಸಾಕು. ಚಿಮ್ಮಿದ ದ್ರವ್ಯರಾಶಿಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದು ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಪೆಟ್ಟು ಜೋರು. ಅದು ಖಚಿತವಾಗುವುದು ನೌಕೆ ಇರುವ ಜಾಗಕ್ಕೆ ಬಂದ ಮೇಲೆ, ಅಂದರೆ ಹೆಚ್ಚೆಂದರೆ ಒಂದು ಗಂಟೆಯಷ್ಟು ಮೊದಲು.

ಸಮಭಾಜಕಕ್ಕೆ ಹತ್ತಿರದ ನಮಗೆ ಕ್ವಿಬೆಕ್‌ನಷ್ಟು ಭಯವಿಲ್ಲ. ಆದರೂ ಜಮೀನು ಅಳೆಯುವ ರೋವರ್ ಉಪಗ್ರಹ ನಂಬಿದೆ. ಕೆ.ಸಿ. ವ್ಯಾಲಿಯ ನೀರು ನಮ್ಮ ಕೆರೆಗೆ ಹತ್ತಬೇಕಾದರೆ ಕರೆಂಟು ಬೇಕು. ಧಾತು ಬರದಲ್ಲಿ ಕೆರೆಗೆ ಮಳೆಯೊಂದೇ ಗತಿಯಾಗಿತ್ತು. ಈಗ ತಂತಿಯೂ ಸೇರಿದೆ. ಸೂರ್ಯನನ್ನು ಕಾಯುವವರ ಕೆಲಸ ನಮ್ಮೂರಿನ ಸುದ್ದಿಯೂ ಆಗುವುದು ಅದಕ್ಕೇ.