ಗೊಲ್ಲತಿಯ ಹಾಡು, ಕೃಷ್ಣನ ಸುಂಕ

ಚಿಕ್ಕಂದಿನಲ್ಲಿ ನಾನು ಭಾಲ್ಕಿಯಿಂದ ಅಜ್ಜನೊಡನೆ ಔರಾದಿನ ಕಡೆಯ ಒಂದು ಜಾತ್ರೆಗೆ ಹೋಗಿದ್ದೆ. ರಾತ್ರಿ ಮರಾಠಿ ತಮಾಷೆ. ಗಣಪತಿಯ ಸ್ತುತಿ ಮುಗಿದೊಡನೆ ಗವಳಣ ಆರಂಭವಾಯಿತು. ಮಥುರೆಯ ಸಂತೆಗೆ ಹಾಲು ಮೊಸರು ಹೊತ್ತು ಹೊರಟ ಗೊಲ್ಲತಿಯರು. ಅವರ ಮುಂದೆ ಸೀರೆಯುಟ್ಟ ಗಂಡಸು ‘ಮಾವಶಿ’. ಕೃಷ್ಣನೂ ಅವನ ಗೆಳೆಯ ಪೆಂದ್ಯಾನೂ ಅಡ್ಡ ನಿಂತು ಸುಂಕ ಕೇಳಿದರು. ಅಜ್ಜ ನನ್ನನ್ನು ತಿವಿದು, “ತಮ್ಮಾ, ಕರೋಡಗಿರಿಯವ ಬಂದಾನ ನೋಡು” ಎಂದ. ಸುತ್ತಲಿದ್ದ ಮುದುಕರೆಲ್ಲ ನಕ್ಕರು.

ನಿಜಾಮರ ಸರಕಾರದಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. 1948ರಲ್ಲಿ ಆ ಆಳಿಕೆ ಮುಗಿಯಿತು. 1956ರಲ್ಲಿ ಬೀದರ ಜಿಲ್ಲೆಯೇ ಮೂರು ಪಾಲಾಗಿ ಉದಗೀರ ಮುಂಬಯಿಗೆ, ಜಹೀರಾಬಾದ ಆಂಧ್ರಕ್ಕೆ, ಬೀದರ-ಭಾಲ್ಕಿ-ಔರಾದ ಮೈಸೂರಿಗೆ ಸೇರಿದವು. ಮುದುಕರ ನಾಲಿಗೆಯ ಮೇಲೆ ಮಾತ್ರ ಕರೋಡಗಿರಿ ಉಳಿದೇ ಇತ್ತು.

ಕೃಷ್ಣ ಹಾಡಿದ್ದು ಭಜನೆಯ ಧಾಟಿಯಲ್ಲಿ, ಕೇಳಿದ್ದು ಬೆಣ್ಣೆ. ಮಾವಶಿ ಅದೇ ಧಾಟಿಯನ್ನು ಹಿಡಿದು ಚೌಕಾಸಿಗಿಳಿದಳು. ದೇವರ ರಾಗದಲ್ಲಿ ಸಂತೆಯ ಲೆಕ್ಕ! ಕೇಳುವವನ ದುರಾಸೆ, ಕೊಡುವವಳ ಜಾಣತನ, ಎರಡೂ ಅಲ್ಲಿಯೇ ಬಯಲಾದವು. ಲಂಡನ್ನಿನಲ್ಲಿ ಜಾನ್ ಗೇ 1728ರಲ್ಲಿ ‘ಭಿಕ್ಷುಕರ ಆಪೆರಾ’ ಆಡಿಸಿದಾಗ ಮಾಡಿದ್ದೂ ಇದನ್ನೇ: ಜನ ಬಲ್ಲ ಧಾಟಿಗಳಿಗೆ ಕಳ್ಳರ ಮಾತನ್ನು ಹೊಂದಿಸಿದ, ಪ್ರಧಾನಿ ವಾಲ್‌ಪೋಲನ ನೆನಪು ನೋಡುವವರಿಗೆ ತಾನಾಗಿ ಬಂತು.

ನಮ್ಮ ಕನ್ನಡದ ಶ್ರೀಕೃಷ್ಣ ಪಾರಿಜಾತವನ್ನು ಕಂಡದ್ದು ಬಹಳ ತಡವಾಗಿ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ; ಬೆಳಗಾವಿ ಸೀಮೆಯಲ್ಲಿ ಅದಕ್ಕೆ ಕೀರ್ತಿ ತಂದವರು ಕೌಜಲಗಿ ನಿಂಗಮ್ಮ. ಪಾರಿಜಾತದ ಹೂವು ರುಕ್ಮಿಣಿಯ ಪಾಲಾದುದಕ್ಕೆ ಮುನಿದ ಸತ್ಯಭಾಮೆ ತನ್ನ ಹಿರಿಮೆಯನ್ನು ಎತ್ತರದ ಸ್ವರದಲ್ಲಿ ಹಾಡಿಕೊಳ್ಳುತ್ತಾಳೆ. ಹಾಡು ನಿಂತೊಡನೆ ಭಾಗವತ, ಏನೂ ತಿಳಿಯದವನಂತೆ, ಆಡುಮಾತಿನಲ್ಲಿ ಒಂದು ಪ್ರಶ್ನೆ ಹಾಕುತ್ತಾನೆ. ರಾಣಿ ಒಮ್ಮೆಗೇ ನೆರೆಮನೆಯ ಸೊಸೆಯಾಗುತ್ತಾಳೆ. ಗೊಲ್ಲತಿಯ ಪ್ರಸಂಗದಲ್ಲಿ ಅವನ ಪ್ರಶ್ನೆ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ. ಅವಳ ಹಾಡಿನಲ್ಲಿ ಇಳಿಸುವಂಥ ಬಿಂಕವೇ ಇಲ್ಲವಲ್ಲ! ಪಾರಿಜಾತವನ್ನು ಬರೀ ಭಕ್ತಿಯ ಆಟವೆನ್ನುವವರು ಈ ಪ್ರಸಂಗದ ಹೊತ್ತಿಗೆ ನಿದ್ದೆ ಮಾಡಿರಬೇಕೆಂದು ನನ್ನ ಗುಮಾನಿ.

ಆ ರಾತ್ರಿ ಜಾತ್ರೆಯಿಂದ ಮರಳುವಾಗ ಅಜ್ಜ ದಾರಿಯುದ್ದಕ್ಕೂ ಗುನುಗುತ್ತಿದ್ದ. ಕೃಷ್ಣನ ಹಾಡು ಅವನಿಗೆ ಮರೆತೇ ಹೋಗಿತ್ತು; ಮಾವಶಿಯ ಉತ್ತರ ಪೂರ್ತಿ ಬಾಯಿಪಾಠವಾಗಿತ್ತು.