ಬೆಳಕಿನ ಹನಿ ಎಣಿಸಿದ ಕ್ಯಾಮೆರಾ

ಮೊನ್ನೆ ರಾತ್ರಿ ಶ್ರೀರಾಂಪುರದ ನಮ್ಮ ಮನೆ ತಾರಸಿ ಹತ್ತಿ ಮೊಬೈಲಿನಲ್ಲಿ ನಕ್ಷತ್ರಗಳ ಫೋಟೋ ತೆಗೆಯೋಕೆ ಹೋದೆ. ಬಂದಿದ್ದು ರವೆ ಚೆಲ್ಲಿದ ಹಾಗೆ ಬರೀ ಚುಕ್ಕಿಗಳು. ನಕ್ಷತ್ರ ಯಾವುದು, ನಾಯ್ಸ್ ಯಾವುದು ಅಂತ ಗೊತ್ತಾಗಲೇ ಇಲ್ಲ. ನಮ್ಮೂರಿನ ಖಗೋಳ ವಿಜ್ಞಾನಿಗಳು ಈ ತಲೆನೋವನ್ನು ಹೇಗೆ ನಿಭಾಯಿಸಿದರು ಅಂತ ಹುಡುಕಿದಾಗ ಸಿಕ್ಕ ಕತೆ ಇದು.

1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಕಂಡುಹಿಡಿದರು. 2009ರಲ್ಲಿ ಅದಕ್ಕೆ ನೊಬೆಲ್ ಕೂಡಾ ಬಂತು. ಬಿದ್ದ ಬೆಳಕು ಎಲೆಕ್ಟ್ರಾನ್‌ಗಳಾಗಿ ಪಿಕ್ಸೆಲ್‌ಗಳಲ್ಲಿ ತುಂಬಿಕೊಳ್ಳುತ್ತೆ. ಎಕ್ಸ್‌ಪೋಷರ್ ಮುಗಿದ ಮೇಲೆ, ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ, ಅವನ್ನು ಸಾಲಾಗಿ ಮೂಲೆಗೆ ಸರಿಸಿ ಅಳೆಯುತ್ತಾರೆ. ಇದೇ ರೀಡ್‌ಔಟ್. ಪ್ರತಿ ಅಳತೆಯಲ್ಲೂ ಸ್ವಲ್ಪ ತಪ್ಪು ಸೇರುತ್ತೆ, ಅದು ರೀಡ್ ನಾಯ್ಸ್. ನಿಧಾನವಾಗಿ ಓದಿದರೆ ಕಡಿಮೆ, ಅವಸರ ಮಾಡಿದರೆ ಜಾಸ್ತಿ. ನಾಲ್ಕು ಪಿಕ್ಸೆಲ್ ಒಟ್ಟಿಗೆ ಸುರಿದು ಒಂದೇ ಸಲ ಓದುವ ಬಿನ್ನಿಂಗ್ ಮೋಡ್ ಕೂಡಾ ಇದೆ. ಆದರೆ ಅದರಲ್ಲಿ ಸೂಕ್ಷ್ಮ ವಿವರ ಹೋಗಿಬಿಡುತ್ತೆ.

2000ದಲ್ಲಿ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಕಣ್ಣುಬಿಟ್ಟಿತು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸಿದ್ದು ಮಾತ್ರ ಇಲ್ಲೇ ಹೊಸಕೋಟೆಯಿಂದ! ಅದರ ಮುಖ್ಯ ಸಿಸಿಡಿಯ ರೀಡ್ ನಾಯ್ಸ್ ಸುಮಾರು 5 ಎಲೆಕ್ಟ್ರಾನ್. ಕಡಿಮೆಯೇ. ಆದರೆ ಬರುವ ಬೆಳಕೇ ಐದು ಎಲೆಕ್ಟ್ರಾನ್‌ನಷ್ಟಿದ್ದರೆ?

ಉತ್ತರ ಸಿಕ್ಕಿದ್ದು 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ. ಅದರ ಅತಿನೇರಳೆ ದೂರದರ್ಶಕ ಯುವಿಐಟಿಯ ನೇತೃತ್ವ ಕೋರಮಂಗಲದ ಐಐಎಯದು, ಜೋಡಣೆ ಹೊಸಕೋಟೆಯಲ್ಲೇ. ಇದರಲ್ಲಿ ಒಂದು ಫೋಟಾನ್ ಬಿದ್ದರೆ ಇಂಟೆನ್ಸಿಫೈಯರ್ ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿ 512x512 ಪಿಕ್ಸೆಲ್‌ನ ಸಿಎಂಓಎಸ್ ಸೆನ್ಸರ್ ಮೇಲೆ ಮಿಂಚಿಸುತ್ತೆ. ಮಿಂಚು ಅಷ್ಟು ಪ್ರಖರವಾಗಿರೋದರಿಂದ ರೀಡ್ ನಾಯ್ಸ್ ಲೆಕ್ಕಕ್ಕೇ ಇಲ್ಲ. ಇದು ಫೋಟಾನ್ ಎಣಿಸುವ ಮೋಡ್. ಸೆಕೆಂಡಿಗೆ ಸುಮಾರು 29 ಫ್ರೇಮ್. ಪ್ರಖರ ನಕ್ಷತ್ರವಾದರೆ ಒಂದೇ ಫ್ರೇಮಿನಲ್ಲಿ ಎರಡು ಫೋಟಾನ್ ಒಂದೇ ಜಾಗಕ್ಕೆ ಬಿದ್ದು, ಲೆಕ್ಕಕ್ಕೆ ಒಂದೇ ಆಗಿಬಿಡುತ್ತೆ. ಅದಕ್ಕೇ ವಿಂಡೋ ಮೋಡ್: 100x100 ಪಿಕ್ಸೆಲ್ ಮಾತ್ರ ಓದಿದರೆ ಸುಮಾರು 600 ಫ್ರೇಮ್.

ನನಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು. ಉಪಗ್ರಹ ಸದಾ ಮೆಲ್ಲಗೆ ಓಲಾಡುತ್ತಿರುತ್ತೆ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿನ ಚಾನೆಲ್ಲನ್ನು ಮಾಮೂಲಿ ಇಂಟಿಗ್ರೇಶನ್ ಮೋಡ್‌ನಲ್ಲಿಟ್ಟು, ಓಲಾಟವನ್ನು ಅಳೆಯಲು ಬಳಸಿದರು. ಪ್ರತಿ ಫೋಟಾನಿನ ಜಾಗ, ಸಮಯ ಎರಡೂ ದಾಖಲಾಗಿರೋದರಿಂದ ಭೂಮಿಯಲ್ಲಿ ಕೂತು ಒಂದೊಂದನ್ನೂ ವಾಪಸ್ ಅದರ ಜಾಗಕ್ಕೆ ಸರಿಸಬಹುದು. ದಿನಾ ಲಾಗ್ ಫೈಲ್ ಜೊತೆ ಗುದ್ದಾಡುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು!

2018ರಲ್ಲಿ ಸಮೀಪ ಅತಿನೇರಳೆ ಚಾನೆಲ್ ಕೆಟ್ಟುಹೋಯಿತು. ಆದರೆ 2016ರ ಅಕ್ಟೋಬರಿನಲ್ಲೇ, ದೂರ ಅತಿನೇರಳೆ ಚಾನೆಲ್ 28 ಗಂಟೆಗೂ ಹೆಚ್ಚು ನೋಡಿ ಕೂಡಿಟ್ಟ ಫೋಟಾನ್‌ಗಳಿದ್ದವು. ಅವುಗಳಲ್ಲಿ 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯ ಬೆಳಕು ಸಿಕ್ಕಿತು. ಪುಣೆಯ ಕನಕ್ ಸಹಾ ಅವರ ತಂಡ 2020ರಲ್ಲಿ ಪ್ರಕಟಿಸಿತು. ಹಬಲ್‌ಗೂ ದಕ್ಕದ ಬೆಳಕು ಬರೀ 38 ಸೆಂಟಿಮೀಟರ್ ಕನ್ನಡಿಗೆ ದಕ್ಕಿತು, ಹಿನ್ನೆಲೆ ನಾಯ್ಸ್ ತೀರಾ ಕಡಿಮೆ ಇದ್ದದ್ದರಿಂದ.

ದೊಡ್ಡ ಕಣ್ಣಿದ್ದರೆ ಸಾಲದು, ಕಂಡಿದ್ದನ್ನು ಕೆಡಿಸದೆ ಓದೋಕೂ ಬರಬೇಕು. ಅಲ್ವಾ?